ತುಳುನಾಡಿನ ಮೇರೆಗಳು

೧

ನಾಡೆಂಬ ಮಾತಿಗೆ ಎರಡು ಬಗೆಯ ಅರ್ಥಗಳು ರೂಢಿಯಲ್ಲಿವೆ. ಅರಸನು ಇಲ್ಲವೆ ಸರಕಾರವು ಗಡಿಕಲ್ಲು ನೆಟ್ಟು ಗೊತ್ತುಮಾಡಿದ ಪ್ರದೇಶವು ಒಂದು. ಅಲ್ಲಿ ಬಾಳುವ ಜನರು ತಮ್ಮ ಮಾತಿನಿಂದಲೂ ನಡವಳಿಯಿಂದಲೂ ತಮ್ಮದೆಂದು ಗುರುತಿಸಿಕೊಳ್ಳುವ ಪ್ರದೇಶವು ಇನ್ನೊಂದು. ಮೊದಲನೆಯದರ ಎಲ್ಲೆಯನ್ನು ದಫ್ತರದಲ್ಲಿ ನೋಡಿ ಹೇಳಬಹುದು. ಎರಡನೆಯದರ ಎಲ್ಲೆಯನ್ನು ಜನರನ್ನು ಕೇಳಿಯೇ ತಿಳಿಯಬೇಕು, ಮತ್ತು ಕೇಳಿದವರೆಲ್ಲರ ಉತ್ತರವೂ ಒಂದೇ ಆಗಿರುವುದಿಲ್ಲ. ತುಳುನಾಡು ಈ ಎರಡನೆಯ ಬಗೆಯದು. ಇಂದು ಆ ಹೆಸರಿನ ಜಿಲ್ಲೆಯಿಲ್ಲ, ತಾಲೂಕಿಲ್ಲ. ಸರಕಾರದ ಭೂಪಟದಲ್ಲಿ ಅದಕ್ಕೆಂದು ಬೇರೆ ಬಣ್ಣವಿಲ್ಲ. ಆದರೂ ಬಂಟ್ವಾಳದ ಪೇಟೆಯಲ್ಲಾಗಲಿ, ಬೆಳ್ತಂಗಡಿಯ ಅಡಕೆಯ ತೋಟಗಳಲ್ಲಾಗಲಿ, ಮೂಡಬಿದಿರೆಯ ಬಸದಿಗಳ ಬೀದಿಯಲ್ಲಾಗಲಿ ಇದು ಯಾವ ನಾಡೆಂದು ಕೇಳಿದರೆ ತುಳುನಾಡೆಂಬ ಉತ್ತರವು ತಡೆಯಿಲ್ಲದೆ ಬರುತ್ತದೆ. ಅದು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದಾಗಲೇ ಉತ್ತರಗಳು ಕವಲೊಡೆಯುವುದು. ಬಡಗಣ ಮೇರೆಯನ್ನು ಕೆಲವರು ಗೋಕರ್ಣದಲ್ಲಿಡುವರು, ಕೆಲವರು ಬಾರಕೂರಿನಾಚೆ, ಕೆಲವರು ಕಲ್ಯಾಣಪುರದ ಹೊಳೆಯಲ್ಲಿ. ತೆಂಕಣ ಮೇರೆಯನ್ನು ಕೆಲವರು ಚಂದ್ರಗಿರಿ ಹೊಳೆಗೆ ನಿಲ್ಲಿಸುವರು. ಕೆಲವರು ಅದರಾಚೆಗೂ ಒಯ್ಯುವರು.

ಇದು ಬರಿಯ ಕುತೂಹಲದ ಪ್ರಶ್ನೆಯೆಂದು ತಳ್ಳಿಬಿಡತಕ್ಕದ್ದಲ್ಲ. ಎಲ್ಲೆಯನ್ನು ಎಲ್ಲಿ ಎಳೆಯುವರೋ ಅದಕ್ಕೆ ತಕ್ಕಂತೆ ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ನಿಷ್ಕರ್ಷೆಯಾಗುತ್ತದೆ. ಸಾಹಿತ್ಯಚರಿತ್ರೆಯನ್ನು ಬರೆಯುವವರಿಗೂ ಅದನ್ನು ಬೋಧಿಸುವವರಿಗೂ ಈ ತೊಡಕು ಮೇಲಿಂದ ಮೇಲೆ ಎದುರಾಗುವುದು: ಮೂಡಬಿದಿರೆಯಲ್ಲಿ ಕನ್ನಡ ಸಾಂಗತ್ಯವನ್ನು ಕಟ್ಟಿದ ರತ್ನಾಕರವರ್ಣಿಯು ತುಳುನಾಡಿನ ಕವಿಯೆ? ಕೇರಳ ರಾಜ್ಯಕ್ಕೆ ಸೇರಿದ ಕಾಸರಗೋಡಿನ ಮನೆಗಳಲ್ಲಿ ದೊರೆತ ತುಳು ತಾಳೆಗರಿಗಳು ಯಾವ ನಾಡಿನ ಸೊತ್ತು? ಕುಂದಾಪುರದ ಕನ್ನಡವನ್ನು ಯಾವ ಅಧ್ಯಾಯದಲ್ಲಿ ಸೇರಿಸಬೇಕು? ಒಂದು ಗೆರೆಯನ್ನು ನಂಬಿ ಇವಕ್ಕೆ ಉತ್ತರ ಹೇಳಿದರೆ ಪ್ರತಿಸಲವೂ ಯಾರನ್ನಾದರೂ ಹೊರಗೆ ನಿಲ್ಲಿಸಿದಂತಾಗುತ್ತದೆ.

ಇಂಥ ಸಮಸ್ಯೆಯು ತುಳುನಾಡಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ‘ಮಿಡ್‌ವೆಸ್ಟ್’, ಎಂದರೆ ನಡುಪಡುವಣ ನಾಡು, ಎಂಬೊಂದು ಪ್ರದೇಶವುಂಟು. ಜನಗಣತಿಯ ಇಲಾಖೆಯು ಓಹಾಯೊದಿಂದ ಕ್ಯಾನ್ಸಾಸ್‌ವರೆಗಿನ ೧೨ ಸಂಸ್ಥಾನಗಳನ್ನು ಆ ಹೆಸರಿನಲ್ಲಿ ಲೆಕ್ಕಹಾಕುತ್ತದೆ. ಜನರು ಮಾತ್ರ ಆ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ. ಜೇಮ್ಸ್ ಶಾರ್ಟ್‌ರಿಜ್ ಎಂಬ ಭೂಗೋಳಶಾಸ್ತ್ರಜ್ಞನು ೧೯೮೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿರುವಂತೆ, ಆ ಹೆಸರು ೧೯ನೆಯ ಶತಮಾನದ ಕೊನೆಯಲ್ಲಿ ಕ್ಯಾನ್ಸಾಸ್, ನೆಬ್ರಾಸ್ಕ ಸಂಸ್ಥಾನಗಳಿಗೆ ಸಲ್ಲುತ್ತಿದ್ದು, ತರುವಾಯ ಮಹಾಸರೋವರಗಳ ಕಡೆಗೆ ಹಬ್ಬಿತು. ಬೇರೆ ಬೇರೆ ಸಂಸ್ಥಾನಗಳ ವಿದ್ಯಾರ್ಥಿಗಳಿಗೆ ಭೂಪಟವನ್ನು ಕೊಟ್ಟು ಆ ನಾಡಿನ ಎಲ್ಲೆಯನ್ನು ಬರೆಯಹೇಳಿದಾಗ ಅವರವರ ಊರಿಗೆ ತಕ್ಕಂತೆ ಗೆರೆಗಳು ಬದಲಾದುವು. ಒಕ್ಕಲುತನದ ಬಾಳೆಂಬ ಭಾವನೆಯು ಆ ಹೆಸರಿಗೆ ಅಂಟಿಕೊಂಡಿದ್ದುದರಿಂದ ಕಾರ್ಖಾನೆಗಳ ದೊಡ್ಡ ಪಟ್ಟಣಗಳು ಹಲವರ ಕಲ್ಪನೆಯಲ್ಲಿ ಅದರಿಂದ ಹೊರಗೆ ಜಾರಿದುವು. ಹೆಸರು ಮೊದಲು, ಎಲ್ಲೆ ಆಮೇಲೆ. ಹೆಸರಿಗೆ ಹೊಂದಿಕೊಂಡ ಭಾವನೆಯೇ ಎಲ್ಲೆಯನ್ನು ಎಳೆಯುವುದು. ಈ ಮಾತನ್ನು ನೆನಪಿನಲ್ಲಿಟ್ಟು ತುಳುನಾಡಿನ ಮೇರೆಗಳನ್ನು ಪರಿಶೀಲಿಸುವುದು ಉಚಿತವಾಗಿದೆ.

೨

ತುಳುನಾಡೆಂಬ ಹೆಸರು ಪ್ರಾಚೀನವಾದುದು. ತಮಿಳಿನ ಸಂಘಕಾಲದ ಅಗನಾನೂರಿನ ೧೫ನೆಯ ಪದ್ಯದಲ್ಲಿ ಮಾಮೂಲನಾರ್ ಎಂಬ ಕವಿಯು ಕೋಶರೆಂಬ ಜನರಿಗೆ ಸಂಬಂಧಿಸಿ ಈ ನಾಡನ್ನು ಹೆಸರಿಸಿರುವನು. ಆದರೆ ಅಲ್ಲಿ ಅದರ ಎಲ್ಲೆಯ ಸುಳಿವಿಲ್ಲ. ಈ ಕರಾವಳಿಯನ್ನು ಬಹುಕಾಲ ಆಳಿದ ಆಳುಪರ ಸೀಮೆಗೆ ಶಾಸನಗಳಲ್ಲಿ ಆಳ್ವಖೇಡವೆಂದೂ, ಅದಕ್ಕೆ ಆರುಸಾಸಿರವೆಂಬ ಸಂಖ್ಯೆಯೂ ಕಾಣಬರುತ್ತವೆ. ಅರಸರ ಹೆಸರಿನಿಂದ ಬಂದ ಈ ನಾಮವು ಅವರ ಆಳ್ವಿಕೆಯೊಡನೆ ಹಿಂದೆ ಸರಿಯಿತು. ಜನರ ಮಾತಿನಿಂದ ಬಂದ ತುಳುನಾಡೆಂಬ ನಾಮವು ಉಳಿಯಿತು. ವಿಜಯನಗರದ ಕಾಲದಲ್ಲಿ ಈ ಪ್ರದೇಶವು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ಆಳಲ್ಪಟ್ಟಿತು. ಅದೇ ಸಾಮ್ರಾಜ್ಯದ ಮೂರನೆಯ ರಾಜವಂಶಕ್ಕೆ, ಎಂದರೆ ಕೃಷ್ಣದೇವರಾಯನ ವಂಶಕ್ಕೆ, ತುಳುವ ವಂಶವೆಂದು ಹೆಸರಾದುದೂ ಪ್ರಸಿದ್ಧವೇ ಇದೆ.

ಎಲ್ಲೆಯನ್ನು ಸ್ಪಷ್ಟವಾಗಿ ಹೇಳುವ ಆಧಾರಗಳಲ್ಲಿ ಕೇರಳೋತ್ಪತ್ತಿಯು ಮುಖ್ಯವಾದುದು. ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ಪರಶುರಾಮಸೃಷ್ಟಿಯನ್ನು ಅದು ನಾಲ್ಕು ಖಂಡಗಳಾಗಿ ವಿಂಗಡಿಸಿ, ಗೋಕರ್ಣದಿಂದ ಪೆರುಂಪುೞದವರೆಗಿನ ಮೊದಲನೆಯ ಖಂಡವನ್ನು ತುಳುರಾಜ್ಯವೆನ್ನುತ್ತದೆ. ಬ್ರಾಹ್ಮಣರ ೬೪ ಗ್ರಾಮಗಳಲ್ಲಿ ೩೨ ತುಳುವಿನಲ್ಲಿಯೂ ೩೨ ಮಲೆಯಾಳದಲ್ಲಿಯೂ ಇದ್ದುವೆಂಬ ಐತಿಹ್ಯವು ಇದರೊಂದಿಗೇ ಹೊಂದಿಕೊಂಡಿದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಎಲ್ಲೆಯು ಹೊರಗಿನಿಂದ, ಅದರಲ್ಲಿಯೂ ತೆಂಕಣಿಂದ, ನೋಡಿದವರು ಎಳೆದ ಎಲ್ಲೆಯಾಗಿರುವುದು. ಮಲೆಯಾಳದಲ್ಲಿ ನಿಂತು ಬಡಗಣಕ್ಕೆ ನೋಡುವವನಿಗೆ ಹೊಳೆಯಾಚೆಗೆ ಕಾಣುವುದೆಲ್ಲವೂ ತುಳುವೇ. ಅದು ಮುಗಿಯುವುದು ಪುರಾಣಪ್ರಸಿದ್ಧವಾದ ಗೋಕರ್ಣದ ಕ್ಷೇತ್ರದಲ್ಲಿ. ಕ್ರಿ. ಶ. ೧೬ನೆಯ ಶತಮಾನದ ಆದಿಭಾಗದಲ್ಲಿ ಈ ಕರಾವಳಿಯ ವಿಚಾರವನ್ನು ಬರೆದ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸನೂ ಹೀಗೆಯೇ ಹೊನ್ನಾವರ, ಭಟ್ಕಳಗಳನ್ನು ಒಳಗೊಳಿಸಿ, ತೆಂಕಣದಲ್ಲಿ ಕುಂಬಳೆಗೆ ಈ ನಾಡನ್ನು ಮುಗಿಸುತ್ತಾನೆ. ಹಡಗಿನಲ್ಲಿ ಬಂದವನ ಕಣ್ಣಿಗೆ ರೇವುಗಳ ಸಾಲು ಕಾಣುವುದಲ್ಲದೆ ಮನೆಯೊಳಗಿನ ಮಾತು ಕೇಳುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಮಾತನ್ನೇ ಪ್ರಮಾಣವಾಗಿ ಹಿಡಿದು ಎಲ್ಲೆಯನ್ನು ಹೇಳಿದವರಲ್ಲಿ ರಾಬರ್ಟ್ ಕಾಲ್ಡ್‌ವೆಲ್ಲನು ಪ್ರಮುಖನು. ೧೮೫೬ರಲ್ಲಿ ಪ್ರಕಟವಾದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಅವನು ಚಂದ್ರಗಿರಿ ಮತ್ತು ಕಲ್ಯಾಣಪುರದ ಹೊಳೆಗಳ ನಡುವಣ ಕಿರಿದಾದ ಪ್ರದೇಶವನ್ನು ತುಳುವಿನ ನೆಲೆಯೆಂದು ಹೇಳಿ, ಆ ಭಾಷೆಯು ಅವುಗಳಾಚೆಗೆ ಎಂದೂ ಹೆಚ್ಚು ಹಬ್ಬಿದಂತೆ ಕಾಣುವುದಿಲ್ಲವೆಂದು ಅಭಿಪ್ರಾಯಪಟ್ಟನು. ತರುವಾಯದ ಬರಹಗಾರರು ಬಹುಮಟ್ಟಿಗೆ ಈ ಎರಡು ಹೊಳೆಗಳನ್ನೇ ಸ್ವೀಕರಿಸಿಕೊಂಡು ಬಂದಿರುವರು.

ಹೀಗೆ ಪುರಾಣದ ತುಳುನಾಡು ದೊಡ್ಡದು, ವ್ಯಾಕರಣದ ತುಳುನಾಡು ಚಿಕ್ಕದು. ಇವೆರಡರ ನಡುವೆ ಕಂಪೆನಿ ಸರಕಾರದ ಜಿಲ್ಲೆಯೊಂದು ಬಂದು ಸೇರಿತು. ೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕಾರವಾರದಿಂದ ನೀಲೇಶ್ವರದವರೆಗಿನ ಕರಾವಳಿಯು ಕೆನರಾ ಎಂಬ ಒಂದೇ ಜಿಲ್ಲೆಯಾಗಿ ಆಂಗ್ಲರ ಕೈಸೇರಿತು. ಅದು ಎರಡಾಗಿ ಒಡೆದು, ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಬಡಗಣ ತುದಿಯ ಬೈಂದೂರಿನಲ್ಲಿ ಕನ್ನಡ, ತೆಂಕಣ ತುದಿಯ ನೀಲೇಶ್ವರದಲ್ಲಿ ಮಲೆಯಾಳ, ನಡುವೆ ತುಳು—ಹೀಗಿದ್ದ ಈ ಜಿಲ್ಲೆಯನ್ನೇ ಹೊರಗಿನವರು ತುಳುನಾಡೆಂದು ಕರೆಯತೊಡಗಿದರು. ಸುಮಾರು ನೂರು ವರ್ಷಗಳ ಕಾಲ ಒಂದೇ ಕಚೇರಿಗೆ ಕಂದಾಯ ಕಟ್ಟಿ, ಒಂದೇ ನ್ಯಾಯಾಲಯಕ್ಕೆ ನಡೆದ ಜನರಲ್ಲಿ ಒಂದು ಬಗೆಯ ಏಕನಾಡಿನ ಭಾವನೆಯು ಬೆಳೆದುದು ಸಹಜವೇ.

೩

ಇನ್ನು ಒಂದೊಂದು ಮೇರೆಯನ್ನು ಬೇರೆ ಬೇರೆಯಾಗಿ ನೋಡತಕ್ಕದ್ದು.

ತೆಂಕಣ ಮೇರೆಯು ಮೇಲುನೋಟಕ್ಕೆ ಎಲ್ಲಕ್ಕಿಂತಲೂ ನಿಶ್ಚಿತವಾದುದಾಗಿ ತೋರುತ್ತದೆ. ಕೇರಳೋತ್ಪತ್ತಿಯ ಪೆರುಂಪುೞವೆಂದರೆ ‘ದೊಡ್ಡ ಹೊಳೆ’. ಅದನ್ನು ಚಂದ್ರಗಿರಿಯೆಂದು ಹಲವರು ಗುರುತಿಸಿರುವರು. ಪಯ್ಯನ್ನೂರಿನ ಬಳಿಯ ಪೆರುಂಬ ಹೊಳೆಯೇ ಅದೆಂಬ ಪಕ್ಷವೂ ಉಂಟು. ನಾಯರ ಸ್ತ್ರೀಯರು ಬಡಗಣದ ಗಡಿಹೊಳೆಯನ್ನು ದಾಟಕೂಡದೆಂಬ ಕಟ್ಟಳೆಯು ಹಿಂದೆ ಇತ್ತೆಂಬುದನ್ನೂ ಚಂದ್ರಗಿರಿಯ ಪಕ್ಷಕ್ಕೆ ಸಾಧಕವಾಗಿ ಎತ್ತಿಹೇಳುವುದುಂಟು. ಆದರೆ ಹೊಳೆಯು ಜನರನ್ನು ಅಗಲಿಸುವಂತೆ ಸೇರಿಸುವುದೂ ಉಂಟು. ಚಂದ್ರಗಿರಿಯ ಬಡಗಣ ದಡದಲ್ಲಿ ಮಲೆಯಾಳವನ್ನಾಡುವ ಮನೆಗಳಿವೆ; ತೆಂಕಣ ದಡದಲ್ಲಿ ತುಳುವನ್ನೂ ಕನ್ನಡವನ್ನೂ ಆಡುವ ಮನೆಗಳಿವೆ; ಕೆಳದಿಯವರ ಬೇಕಲದ ಕೋಟೆಯು ಹೊಳೆಯ ತೆಂಕಣದಲ್ಲಿಯೇ ಇದೆ. ಭೂತಾರಾಧನೆಯನ್ನು ನೋಡಿದರೆ ಅದು ಹೊಳೆಯ ಬಳಿಯಲ್ಲಿ ನಿಲ್ಲದೆ, ವೇಷವನ್ನೂ ಹೆಸರನ್ನೂ ಕ್ರಮಕ್ರಮವಾಗಿ ಬದಲಿಸಿಕೊಂಡು ಉತ್ತರ ಮಲಬಾರಿನ ತೆಯ್ಯಮ್ಮಿನಲ್ಲಿ ಬೆರೆತುಹೋಗುತ್ತದೆ.

ಈ ಮೇರೆಯೇ ರಾಜಕೀಯವಾಗಿ ಅತ್ಯಂತ ನೋವಿನ ಮೇರೆಯೂ ಆಯಿತು. ೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ, ಅದರ ಕಾಸರಗೋಡು ತಾಲೂಕು ಕೇರಳಕ್ಕೂ ಸೇರಿದುವು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಬಡಗಣ ಭಾಗವನ್ನು ಮೈಸೂರಿಗೆ ಸೇರಿಸತಕ್ಕದ್ದೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಐತಿಹ್ಯದ ಹೊಳೆಯೇ ಆಯೋಗದ ವರದಿಯಲ್ಲಿಯೂ ಗಡಿಯಾಗಿ ಕಾಣಿಸಿಕೊಂಡುದು ಗಮನಾರ್ಹವಾಗಿದೆ. ಆದರೆ ರಾಜ್ಯದ ಗಡಿಯು ಈಗ ಹಾದುಹೋಗುವುದು ಹೊಳೆಯ ಮೇಲಲ್ಲ, ಬಡಗಣದಲ್ಲಿ ಮಂಜೇಶ್ವರಕ್ಕೂ ಈಚೆಗೆ, ತಲಪಾಡಿಯ ಬಳಿ. ಮಂಜೇಶ್ವರದಲ್ಲಿ ಬಾಳಿ ತುಳುನಾಡಿನ ಪ್ರಾಚೀನ ಇತಿಹಾಸವನ್ನು ಶೋಧಿಸಿದ ಗೋವಿಂದ ಪೈಗಳ ಮನೆಯು ಕೇರಳದಲ್ಲಿರುವುದೂ, ವಿಷ್ಣುತುಂಗನ ‘ಶ್ರೀ ಭಾಗವತೊ’ ಮೊದಲಾದ ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದ ವೆಂಕಟರಾಜ ಪುಣಿಂಚತ್ತಾಯರು ಕಾಸರಗೋಡಿನ ಕಡೆಯವರಾಗಿದ್ದುದೂ ಈ ಸಂದರ್ಭದಲ್ಲಿ ನೆನೆಯತಕ್ಕುವು. ರಾಜ್ಯದ ಗಡಿಯನ್ನು ನಾಡಿನ ಗಡಿಯೆಂದು ಎಣಿಸಿದರೆ ತುಳು ಸಾಹಿತ್ಯದ ಅತ್ಯಂತ ಹಳೆಯ ಲಿಖಿತ ಪ್ರಮಾಣಗಳು ತುಳುನಾಡಿನ ಹೊರಗೆ ಬೀಳುವುವು.

೪

ಬಡಗಣ ಮೇರೆಯಲ್ಲಿ ತೊಡಕು ಇನ್ನೊಂದು ಬಗೆಯದು. ಕಲ್ಯಾಣಪುರದ ಹೊಳೆಯೆಂದರೆ ಸುವರ್ಣಾ ನದಿ. ಅದನ್ನು ದಾಟಿ ಬ್ರಹ್ಮಾವರ, ಬಾರಕೂರು, ಕೋಟದ ಕಡೆಗೆ ಹೋಗುತ್ತಿರಲು ತುಳುವು ತೆಳುವಾಗಿ, ಕುಂದಗನ್ನಡವೆಂದು ಹೆಸರಾದ ಕನ್ನಡದ ಉಪಭಾಷೆಯು ದಟ್ಟವಾಗುತ್ತದೆ. ಆದರೆ ಬಾರಕೂರು ಯಾವುದು? ಆಳುಪರ ರಾಜಧಾನಿಯಾಗಿ ಮೆರೆದ ಪಟ್ಟಣವದು. ಅಳಿಯಸಂತಾನದ ಕಟ್ಟನ್ನು ವಿಧಿಸಿದನೆಂದು ಐತಿಹ್ಯವು ಹೇಳುವ ಭೂತಾಳಪಾಂಡ್ಯನ ಊರೂ ಅದೇ. ತುಳುವರ ಸಾಮಾಜಿಕ ಕಟ್ಟಳೆಯ ಮೂಲಸ್ಥಾನವೆಂದು ಜನರು ನಂಬುವ ಊರೇ ತುಳು ಮಾತಿನ ಮೇರೆಯಿಂದ ಬಡಗಣಕ್ಕೆ ಬೀಳುವುದು ಆಶ್ಚರ್ಯಕರವಾಗಿದೆ. ಕಾಲ್ಡ್‌ವೆಲ್ಲನ ಗೆರೆಯನ್ನು ಅಕ್ಷರಶಃ ಒಪ್ಪಿದವರು ರಾಜಧಾನಿಯನ್ನು ರಾಜ್ಯದ ಹೊರಗಿಟ್ಟಂತೆ.

ಅಳಿಯಸಂತಾನದ ವ್ಯಾಪ್ತಿಯೂ ಇದನ್ನೇ ಹೇಳುತ್ತದೆ. ಆಸ್ತಿಯು ತಾಯಿಯ ಸಂತತಿಯಲ್ಲಿ ಇಳಿದುಬರುವ ಈ ಪದ್ಧತಿಗೆ ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯು ಒಂದು ಲಿಖಿತ ರೂಪವನ್ನು ಕೊಟ್ಟಿತು. ತುಳುವನ್ನಾಡುವ ಬಂಟರಲ್ಲಿ ಹೇಗೋ ಹಾಗೆಯೇ, ಕುಂದಾಪುರದ ಕಡೆಯ ಕನ್ನಡವನ್ನಾಡುವ ನಾಡವರಲ್ಲಿಯೂ ಈ ಕಟ್ಟು ನಡೆದುಬಂದಿತ್ತು. ಮನೆಯ ಮಾತು ಬೇರೆ, ಮನೆತನದ ಕಟ್ಟು ಒಂದೇ. ಕಾಲಗಣನೆಯನ್ನು ನೋಡಿದರೂ ಹೀಗೆಯೇ: ಘಟ್ಟದ ಮೇಲಣ ಕನ್ನಡಿಗರು ಚಾಂದ್ರಮಾನ ಯುಗಾದಿಯನ್ನು ಆಚರಿಸುವಲ್ಲಿ, ತುಳುವರು ಪಗ್ಗು ತಿಂಗಳ ಮೊದಲ ದಿನ ಸೌರಮಾನದ ಬಿಸುವನ್ನು ಆಚರಿಸುವರು, ಸೌರಮಾನದ ಈ ವರ್ಷಾರಂಭವು ಕುಂದಾಪುರದ ಕಡೆಗೂ ಉಂಟು, ಅತ್ತ ಕೇರಳದ ವಿಷುವಿಗೂ ಸಂಬಂಧಿಸಿದುದು.

ಯಕ್ಷಗಾನವಂತೂ ಈ ಗೆರೆಗಳಲ್ಲಿ ಯಾವುದನ್ನೂ ಲೆಕ್ಕಿಸುವುದಿಲ್ಲ. ಅದರ ತೆಂಕುತಿಟ್ಟು ಕಾಸರಗೋಡು, ಮಂಗಳೂರು, ಬಂಟ್ವಾಳ, ಪುತ್ತೂರು, ಬೆಳ್ತಂಗಡಿಗಳಲ್ಲಿಯೂ, ಬಡಗುತಿಟ್ಟು ಉಡುಪಿ ಕುಂದಾಪುರಗಳಲ್ಲಿಯೂ ನೆಲೆಗೊಂಡಿವೆ. ಉಡುಪಿಯು ತುಳುವನ್ನಾಡುವ ಊರು, ಆದರೆ ತಿಟ್ಟಿನಲ್ಲಿ ಕನ್ನಡವನ್ನಾಡುವ ಕುಂದಾಪುರದ ಜೊತೆಗಾರ. ಎರಡು ತಿಟ್ಟುಗಳ ಪ್ರಸಂಗಗಳೂ ಪರಂಪರೆಯಿಂದ ಕನ್ನಡದವು. ತುಳುವನ್ನೇ ಆಡುವ ಪ್ರೇಕ್ಷಕರು ರಾತ್ರಿಯೆಲ್ಲ ಕುಳಿತು ಕನ್ನಡದ ಅರ್ಥಗಾರಿಕೆಯನ್ನು ಸವಿದುಬಂದಿರುವರು. ತುಳುವಿನಲ್ಲಿ ಪ್ರಸಂಗಗಳು ರಂಗಕ್ಕೆ ಹೆಚ್ಚಾಗಿ ಬಂದುದು ೨೦ನೆಯ ಶತಮಾನದಲ್ಲಿ.

ಶಿವರಾಮ ಕಾರಂತರ ಕಾದಂಬರಿಗಳು ಈ ಮೇರೆಯ ಎರಡು ಮಗ್ಗುಲುಗಳಿಗೂ ಸಾಕ್ಷಿಯಾಗಿವೆ. ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ ಅವರು ‘ಮರಳಿ ಮಣ್ಣಿಗೆ’ಯಲ್ಲಿ ಬಡಗಣ ಕಡಲತೀರದ ಕನ್ನಡ ಬಾಳನ್ನೂ, ‘ಚೋಮನ ದುಡಿ’ಯಲ್ಲಿ ತೆಂಕಣದ ತುಳು ಬಾಳನ್ನೂ ಒಂದೇ ಕನ್ನಡದಲ್ಲಿ ಚಿತ್ರಿಸಿದರು. ಎರಡನ್ನೂ ತರಗತಿಯಲ್ಲಿ ಓದಿಸುವ ಉಪಾಧ್ಯಾಯರು ಚೋಮನ ಬಾಯಿಯ ನಿಜವಾದ ಮಾತು ಕನ್ನಡವಲ್ಲವೆಂಬುದನ್ನು ಮರೆಯತಕ್ಕದ್ದಲ್ಲ.

೫

ಮೂಡಣ ಮೇರೆಯು ಪಶ್ಚಿಮಘಟ್ಟ. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲವೆಂದು ಎಲ್ಲರೂ ಹೇಳುವರು. ಬೆಳ್ತಂಗಡಿಯಲ್ಲಿ ನಿಂತು ನೋಡಿದರೆ ಮಲೆಯ ಗೋಡೆಯು ಕಣ್ಣಿಗೆ ಕಟ್ಟಿದಂತಿರುವುದು. ನೇತ್ರಾವತಿಯ ನೀರೆಲ್ಲ ಅದರ ಪಡುವಣ ಇಳಿಜಾರಿನಿಂದ ಬಂದು ಬಂಟ್ವಾಳದ ಮುಂದೆ ಹರಿದು ಕಡಲನ್ನು ಸೇರುವುದು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ಮಾತುಗಳು ಎರಡು ಕಡೆಯವರ ಬಾಯಲ್ಲಿಯೂ ದಿನಬಳಕೆಯವು. ತುಳು ಪಾಡ್ದನಗಳಲ್ಲಿ ಹಲವು ದೈವಗಳು ಘಟ್ಟವನ್ನಿಳಿದು ನಾಡನ್ನು ಪ್ರವೇಶಿಸುವುವು. ಇಳಿಯುವ ಆ ಗಳಿಗೆಯೇ ಅವು ತುಳುನಾಡಿಗೆ ಸಲ್ಲುವ ಗಳಿಗೆ.

ಆದರೆ ಈ ಗೋಡೆಯಲ್ಲಿಯೂ ಬಾಗಿಲುಗಳಿದ್ದುವು. ಬೆಳ್ತಂಗಡಿಯಿಂದ ಮೂಡಿಗೆರೆಯ ಕಡೆಗೇರುವ ಚಾರ್ಮಾಡಿಯ ಘಟ್ಟವು ಅಂಥದೊಂದು. ಟಿಪ್ಪುವು ೧೭೯೪ರಲ್ಲಿ ಬೆಳ್ತಂಗಡಿಯ ಬಳಿಯ ಹೆಬ್ಬಂಡೆಯ ಮೇಲೆ ಜಮಲಾಬಾದ ಕೋಟೆಯನ್ನು ಕಟ್ಟಿಸಿದುದನ್ನು ನೋಡಿದರೆ ಈ ಘಟ್ಟದ ಬುಡವು ಆಳುವವರಿಗೆ ಎಷ್ಟು ಮುಖ್ಯವಾಗಿದ್ದಿತೆಂಬುದು ತಿಳಿದೀತು. ಕಾರ್ಕಳದಲ್ಲಿ ೧೪೩೨ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಭೈರರಸರು ಘಟ್ಟದ ಕೆಳಗಣ ಕಾರ್ಕಳವನ್ನೂ ಮೇಲಣ ಕಳಸವನ್ನೂ ಕೂಡಿಯೇ ಆಳಿದರು. ಅವರ ರಾಜ್ಯಕ್ಕೆ ಘಟ್ಟವು ಬೆನ್ನೆಲುಬಾಗಿದ್ದಿತೇ ಹೊರತು ಗಡಿಯಾಗಿರಲಿಲ್ಲ. ಹೀಗೆ ಮಾತಿಗೂ ನೀರಿಗೂ ಘಟ್ಟವು ಎಲ್ಲೆಯಾದರೂ ರಾಜ್ಯಕ್ಕೂ ಧರ್ಮಕ್ಕೂ ವ್ಯಾಪಾರಕ್ಕೂ ಅದು ಎಲ್ಲೆಯಾಗಿರಲಿಲ್ಲ.

೬

ಅಂಚಿನಲ್ಲಿ ಇಷ್ಟು ವಿವಾದವಿದ್ದರೂ ನಡುವಿನಲ್ಲಿ ವಿವಾದವಿಲ್ಲ. ಪುರಾಣದ ದೊಡ್ಡ ಎಲ್ಲೆಯನ್ನು ಹಿಡಿದರೂ, ವ್ಯಾಕರಣದ ಚಿಕ್ಕ ಎಲ್ಲೆಯನ್ನು ಹಿಡಿದರೂ, ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳು ತುಳುನಾಡಿನ ಒಳಗೆಯೇ ಬೀಳುವುವು. ೧೮೦೧ರ ಆದಿಭಾಗದಲ್ಲಿ ತೆಂಕಣಿಂದ ಬಂದ ಫ್ರಾನ್ಸಿಸ್ ಬುಕಾನನನು ನೇತ್ರಾವತಿಯ ಕಣಿವೆಯಲ್ಲಿ ಜಮಲಾಬಾದಿನವರೆಗೆ ಹೋಗಿ, ವೇಣೂರು, ಮೂಡಬಿದಿರೆ, ಕಾರ್ಕಳಗಳ ಮಾರ್ಗವಾಗಿ ಉಡುಪಿಯ ಕಡೆಗೆ ನಡೆದನು. ಈ ಮೂರು ಊರುಗಳ ಸುತ್ತಣ ಸೀಮೆಯನ್ನು ತುಳುನಾಡಿನ ಹೃದಯವೆಂದರೆ ಯಾರೂ ಅಲ್ಲಗಳೆಯಲಾರರು.

ಆದುದರಿಂದ ತುಳುತನವೆಂದರೇನೆಂಬುದಕ್ಕೆ ಶುದ್ಧವಾದ ಉತ್ತರವು ಇಲ್ಲಿ ದೊರೆಯಬೇಕೆಂದು ಯಾರಾದರೂ ನಿರೀಕ್ಷಿಸಬಹುದು. ದೊರೆಯುವುದು ಅದಲ್ಲ. ಮೂಡಬಿದಿರೆಯನ್ನು ತುಳುವರು ತಮ್ಮ ಮಾತಿನಲ್ಲಿ ಬೆದ್ರವೆನ್ನುವರು. ಅಲ್ಲಿ ೧೪೩೦ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಯ ಶಾಸನಗಳು ಕನ್ನಡದವು, ೧೬ನೆಯ ಶತಮಾನದಲ್ಲಿ ರತ್ನಾಕರವರ್ಣಿಯು ರಚಿಸಿದ ‘ಭರತೇಶವೈಭವ’ವು ಕನ್ನಡದ್ದು, ಅಲ್ಲಿನ ಮಠದವರು ಶತಮಾನಗಳ ಕಾಲ ಕಾಪಾಡಿದ ಧವಲಾದಿ ಸಿದ್ಧಾಂತಗ್ರಂಥಗಳು ಪ್ರಾಕೃತ ಸಂಸ್ಕೃತಗಳವು, ಅವುಗಳ ತಾಳೆಗರಿಯ ಲಿಪಿಯು ಹಳಗನ್ನಡದ್ದು. ಊರಿನ ಬೀದಿಯ ಮಾತು ಮಾತ್ರ ತುಳು. ಬಂಟ್ವಾಳವು ಘಟ್ಟದಿಂದಿಳಿದ ಸರಕನ್ನು ದೋಣಿಗೇರಿಸಿ ಮಂಗಳೂರಿಗೆ ಕಳುಹಿಸುತ್ತಿದ್ದ ಹೊಳೆಯ ದಂಡೆಯ ಪೇಟೆ. ಅಲ್ಲಿ ೧೮೭೪ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಊರಮಾತು ತುಳು, ಬರೆದ ಮಾತು ಕನ್ನಡ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ತಳಹದಿಯನ್ನು ಹಾಕಿದವರು ಹೀಗೆ ಮೂರು ಮಾತುಗಳ ನಡುವೆ ಬೆಳೆದವರು.

ಬೆಳ್ತಂಗಡಿಯಲ್ಲಿ ೧೬೦೪ರಲ್ಲಿ ವೇಣೂರಿನ ಗೊಮ್ಮಟನನ್ನು ಪ್ರತಿಷ್ಠಿಸಿದ ಅಜಿಲರ ಸೀಮೆಯಿದೆ, ಧರ್ಮಸ್ಥಳದ ಕ್ಷೇತ್ರವಿದೆ, ಘಟ್ಟದ ಮಗ್ಗುಲಲ್ಲಿ ಮಲೆಕುಡಿಯರ ಹಾಡಿಗಳಿವೆ, ಮುಂಡಾಜೆಯ ಕಡೆ ಮರಾಠಿಯ ಒಂದು ಬಗೆಯನ್ನಾಡುವ ಚಿತ್ಪಾವನರ ತೋಟಗಳಿವೆ, ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಕಡಿದು ನೆಲೆಸಿದ ಕ್ರೈಸ್ತರ ಮನೆಗಳಿವೆ. ಬ್ಯಾರಿ ಮಾತು, ಹವ್ಯಕರ ಕನ್ನಡ, ಕೊಂಕಣಿಗಳು ಈ ಮೂರು ತಾಲೂಕುಗಳಲ್ಲಿಯೂ ಕೇಳಬರುತ್ತವೆ. ಇಷ್ಟಾದರೂ ತುಳುವಿನ ಅತಿ ದೀರ್ಘವಾದ ಮೌಖಿಕ ಕಾವ್ಯದ ಪಾಠವು ದೊರೆತುದು ಇದೇ ಬೆಳ್ತಂಗಡಿಯಲ್ಲಿ. ಫಿನ್‌ಲೆಂಡಿನ ಲೌರಿ ಹೊಂಕೊ ಅವರು ತುಳು ವಿದ್ವಾಂಸರ ಜೊತೆಗೂಡಿ ಮಾಚಾರಿನ ಗೋಪಾಲ ನಾಯ್ಕರಿಂದ ೧೯೯೦ರಲ್ಲಿ ಬರೆದುಕೊಂಡು ೧೯೯೮ರಲ್ಲಿ ಪ್ರಕಟಿಸಿದ ಸಿರಿಯ ಕಾವ್ಯವು ೧೫,೬೮೩ ಸಾಲುಗಳದು. ಆ ಕಾವ್ಯದ ನಾಯಿಕೆಯಾದ ಸಿರಿಯನ್ನು ಮದುವೆಮಾಡಿಕೊಟ್ಟ ಊರು ಬಸಲೂರು. ಅದನ್ನು ಕುಂದಾಪುರದ ಬಳಿಯ ಬಸರೂರೆಂದು ಗುರುತಿಸುವರು. ನಾಡಿನ ಹೃದಯದಲ್ಲಿ ಕುಳಿತು ಹಾಡುವ ಗಾಯಕನ ಭೂಪಟವು ಕಲ್ಯಾಣಪುರದ ಹೊಳೆಯನ್ನು ದಾಟಿಯೇ ಹೋಗುವುದು.

ಮಂಗಳೂರಿ‌ನ ಹೆಸರುಗಳು ಈ ವಿಷಯಕ್ಕೆ ಒಳ್ಳೆಯ ನಿದರ್ಶನವಾಗಿವೆ. ತುಳುವರಿಗೆ ಅದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಮಲೆಯಾಳಿಗಳಿಗೆ ಮಂಗಲಾಪುರಂ. ಹೆಸರು ಹಲವಾದರೂ ಊರು ಒಂದೇ. ಈ ಹೆಸರುಗಳೆಲ್ಲವನ್ನೂ ಕೇಳಿ ಅರ್ಥಮಾಡಿಕೊಳ್ಳಬಲ್ಲವನೇ ಈ ನಾಡಿನವನೆಂದು ಹೇಳಿದರೆ ಅದೂ ಒಂದು ಲಕ್ಷಣವಾದೀತು. ತುಳು ಮನೆಮಾತಲ್ಲದವರಿಗೂ ಇಲ್ಲಿ ಸಂತೆಯಲ್ಲಿ, ಗದ್ದೆಯಲ್ಲಿ, ಬಸ್ಸಿನಲ್ಲಿ ಪರಸ್ಪರ ವ್ಯವಹಾರಕ್ಕೆ ಒದಗುವ ಮಾತು ತುಳುವೇ. ೨೦೧೧ರ ಜನಗಣತಿಯು ತುಳುವನ್ನು ಮಾತೃಭಾಷೆಯೆಂದು ಬರೆಸಿದವರನ್ನು ೧೮,೪೬,೪೨೭ ಎಂದು ಎಣಿಸಿತು. ಹೀಗೆ ವ್ಯವಹಾರದಲ್ಲಿ ತುಳುವನ್ನು ಬಳಸುವ ಪರಭಾಷಿಕರು ಆ ಸಂಖ್ಯೆಯಲ್ಲಿ ಸೇರಿಲ್ಲ.

೭

ಮೇಲಣ ಪರ್ಯಾಲೋಚನೆಯಿಂದ ಒಂದು ಸಂಗತಿಯು ವಿಶದವಾಗುತ್ತದೆ. ಮಾತು, ಕಟ್ಟಳೆ, ಆರಾಧನೆ, ಕಾಲಗಣನೆ, ರಂಗಕಲೆ, ರಾಜ್ಯ—ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಮೇರೆ. ಯಾವುದೂ ಇನ್ನೊಂದರ ಮೇಲೆ ಸರಿಯಾಗಿ ಕೂಡುವುದಿಲ್ಲ. ತುಳುವಿನೊಳಗಣ ಉಪಭಾಷೆಗಳೂ ಹೀಗೆಯೇ. ಎಲೆ ಸೊಪ್ಪುಗಳನ್ನು ಸೂಚಿಸುವ ಒಂದೇ ಶಬ್ದವು ತಪ್ಪು, ಸಪ್ಪು, ಹಪ್ಪು ಎಂದು ಊರಿನಿಂದ ಊರಿಗೂ ಜಾತಿಯಿಂದ ಜಾತಿಗೂ ಬದಲಾಗುತ್ತದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ೧೯೮೮ರಿಂದ ೧೯೯೭ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಇಂಥ ಭೇದಗಳನ್ನು ಒಂದೆಡೆ ದಾಖಲಿಸಿದೆ.

ಅಮೆರಿಕದ ಭೂಗೋಳಶಾಸ್ತ್ರಜ್ಞರು ಇಂಥ ತೊಡಕಿಗೆ ಎರಡು ದಾರಿಗಳನ್ನು ಹುಡುಕಿರುವರು. ವಿಲ್ಬರ್ ಜೆಲಿನ್‌ಸ್ಕಿಯು ೧೯೮೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ದೂರವಾಣಿಯ ಪಟ್ಟಿಗಳಲ್ಲಿ ಅಂಗಡಿ, ಸಂಘಸಂಸ್ಥೆಗಳು ಇಟ್ಟುಕೊಂಡ ಹೆಸರುಗಳನ್ನು ಎಣಿಸಿ, ಯಾವ ಊರು ತಾನು ಯಾವ ಪ್ರದೇಶಕ್ಕೆ ಸೇರಿದುದೆಂದು ಭಾವಿಸುವುದೋ ಅದನ್ನು ಗುರುತಿಸಿದನು. ಡೊನಾಲ್ಡ್ ಮೈನಿಗ್ ಎಂಬವನು ೧೯೬೫ರಲ್ಲಿ, ಒಂದೇ ಗೆರೆಯ ಬದಲು ಮೂರು ಸುತ್ತುಗಳನ್ನು ಹೇಳಿದನು: ನಾಡಿನ ಲಕ್ಷಣಗಳು ದಟ್ಟವಾಗಿ ಕೂಡಿರುವ ಗರ್ಭವೊಂದು, ಅವು ಮೇಲುಗೈಯಾಗಿದ್ದರೂ ತೆಳುವಾದ ಮಂಡಲವೊಂದು, ಕೆಲವು ಲಕ್ಷಣಗಳು ಮಾತ್ರ ಚೆದರಿ ಕಾಣುವ ಹೊರವಲಯವೊಂದು.

ಈ ಎರಡನೆಯ ಕ್ರಮವು ತುಳುನಾಡಿಗೆ ಚೆನ್ನಾಗಿ ಒಪ್ಪುವಂತಿದೆ. ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಕಾರ್ಕಳ, ಉಡುಪಿ, ಪುತ್ತೂರುಗಳು ಗರ್ಭ. ತೆಂಕಣದಲ್ಲಿ ಚಂದ್ರಗಿರಿಯವರೆಗೂ, ಬಡಗಣದಲ್ಲಿ ಬಾರಕೂರಿನವರೆಗೂ, ಅರೆಭಾಷೆಯ ಗೌಡರಿರುವ ಸುಳ್ಯದ ಕಡೆಗೂ ಹಬ್ಬಿದುದು ಮಂಡಲ. ಕುಂದಾಪುರ, ಬೇಕಲ, ಘಟ್ಟದ ಮೇಲಣ ಕಳಸ ಮೊದಲಾದುವು ಹೊರವಲಯ. ತುಳುವರು ವಲಸೆಹೋಗಿ ಸಂಘಗಳನ್ನು ಕಟ್ಟಿಕೊಂಡ ಮುಂಬಯಿಯನ್ನೂ ಅದರ ಲೆಕ್ಕಕ್ಕೇ ಸೇರಿಸಬಹುದು. ಹೀಗೆ ಎಣಿಸಿದರೆ ಗೋಕರ್ಣದ ಪುರಾಣವೂ ಕಲ್ಯಾಣಪುರದ ವ್ಯಾಕರಣವೂ ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಒಂದು ಹೊರವಲಯದ ಮಾತು, ಇನ್ನೊಂದು ಗರ್ಭದ ಮಾತು.

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಹಕ್ಕನ್ನು ಕೇಳುವವರಿಗೆ ಸುತ್ತುಗಳು ಸಾಲವು, ಗೆರೆಯೇ ಬೇಕು. ೧೯೨೮ರಲ್ಲಿ ಎಸ್. ಯು. ಪಣಿಯಾಡಿಯವರು ಉಡುಪಿಯಲ್ಲಿ ತುಳುವ ಮಹಾಸಭೆಯನ್ನು ಕಟ್ಟಿದಂದಿನಿಂದ ತುಳುವಿನ ಸ್ಥಾನಮಾನಕ್ಕಾಗಿ ಪ್ರಯತ್ನಗಳು ನಡೆದುಬಂದಿವೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಅದನ್ನು ಸೇರಿಸಬೇಕೆಂಬ ಬೇಡಿಕೆಯೂ ಇದೆ. ಶಾಲೆಯನ್ನು ತೆರೆಯುವುದಕ್ಕೂ ಪಠ್ಯವನ್ನು ಅಚ್ಚುಹಾಕಿಸುವುದಕ್ಕೂ ಇಂತಹ ಊರೆಂದು ನಿರ್ದೇಶಿಸಬೇಕಾಗುವುದು ನಿಜವೇ. ಆದರೆ ಆಡಳಿತಕ್ಕೆ ಬೇಕಾದ ಗೆರೆಯು ಆಡಳಿತದ ಅನುಕೂಲಕ್ಕೆ ತಕ್ಕಂತೆ ಬದಲಾಗುವ ಗೆರೆ. ಮೂಡಬಿದಿರೆಯ ಚರಿತ್ರೆಯೇ ಇದಕ್ಕೆ ದೃಷ್ಟಾಂತ: ಕಾರ್ಕಳ ತಾಲೂಕಿನಲ್ಲಿದ್ದ ಆ ಊರು, ೧೯೯೭ರಲ್ಲಿ ಕಾರ್ಕಳವು ಹೊಸ ಉಡುಪಿ ಜಿಲ್ಲೆಗೆ ಹೋದಾಗ ದಕ್ಷಿಣ ಕನ್ನಡದಲ್ಲಿಯೇ ಉಳಿದು ಮಂಗಳೂರು ತಾಲೂಕಿಗೆ ಸೇರಿತು, ಈಚೆಗೆ ತಾನೇ ಒಂದು ತಾಲೂಕಾಯಿತು. ಇಷ್ಟರಲ್ಲಿ ಅಲ್ಲಿನ ಮಾತಾಗಲಿ ಬಾಳಾಗಲಿ ಎರಡು ಸಲ ಬದಲಾಗಲಿಲ್ಲ.

ಸಾಹಿತ್ಯವನ್ನು ಬೋಧಿಸುವವರು ಇದರಿಂದ ತಿಳಿಯತಕ್ಕ ಅಂಶವು ಸರಳವಾದುದು. ರತ್ನಾಕರವರ್ಣಿಯು ಕನ್ನಡದ ಕವಿ, ತುಳುನಾಡಿನ ಕವಿ. ಇವೆರಡರಲ್ಲಿ ಒಂದನ್ನು ಬಿಟ್ಟು ಒಂದನ್ನು ಹೇಳುವ ಅವಶ್ಯಕತೆಯಿಲ್ಲ. ವಿಷ್ಣುತುಂಗನ ತಾಳೆಗರಿಯು ದೊರೆತ ನೆಲವು ಕೇರಳದ ಆಡಳಿತಕ್ಕೆ ಒಳಪಟ್ಟುದು, ಕಾವ್ಯವು ತುಳುವರದು. ಕುಂದಾಪುರದ ಹುಡುಗನು ಬೆಂಗಳೂರಿನಲ್ಲಿ ತುಳುನಾಡಿನವನೆಂದೂ ಮಂಗಳೂರಿನಲ್ಲಿ ಕನ್ನಡದವನೆಂದೂ ಕರೆಯಿಸಿಕೊಳ್ಳುವುದುಂಟು. ಅವನಿಗೆ ಎರಡು ಹೆಸರುಗಳಿರುವುದು ಅವನ ಕೊರತೆಯಲ್ಲ, ನೋಡುವವರು ನಿಂತ ಜಾಗಗಳ ಭೇದ. ತುಳುನಾಡಿನ ಭೂಪಟವನ್ನು ಪಾಠಪುಸ್ತಕಕ್ಕಾಗಿ ಬರೆಯುವವರು ಅಂಚಿನಲ್ಲಿ ದಪ್ಪನಾದ ಗೆರೆಯನ್ನೆಳೆಯುವ ಬದಲು, ಬಂಟ್ವಾಳ ಬೆಳ್ತಂಗಡಿ ಮೂಡಬಿದಿರೆಗಳ ಸೀಮೆಯಿಂದ ಬಣ್ಣವನ್ನು ಆರಂಭಿಸಿ, ಹೊಳೆಗಳ ಕಡೆಗೂ ಘಟ್ಟದ ಕಡೆಗೂ ಅದನ್ನು ತೆಳುವಾಗಿಸುತ್ತ ಹೋದರೆ ನಿಜಸ್ಥಿತಿಗೆ ಹೆಚ್ಚು ಸಮೀಪವಾದೀತು.